ಮಕಾಸ್ಸರಿನ ರಾಮಾಂಗ್

ಹಿಂದೂ ಮಹಾಸಾಗರಕ್ಕೂ ಶಾಂತಸಾಗರಕ್ಕೂ ನಡುವೆ ಚದುರಿದಂತಿರುವ ಸಾವಿರಾರು ದ್ವೀಪಗಳ ದೇಶ ಇಂಡೊನೇಷ್ಯ. ಆ ದ್ವೀಪಗಳಲ್ಲಿ ಸುಲಾವೆಸಿ ಎಂಬುದು ಒಂದು. ಅದರ ನೈಋತ್ಯ ತೀರದಲ್ಲಿ ಮಕಾಸ್ಸರ್ ಎಂಬ ಪ್ರಾಚೀನ ಬಂದರು ಪಟ್ಟಣವಿದೆ. ಅಲ್ಲಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರು ದೂರದಲ್ಲಿ, ಕಡಲ ಅಂಚಿನಲ್ಲಿಯೇ, ಬಾರು ಎಂಬ ಊರು. ಡಚ್ಚರು ಆ ದ್ವೀಪಗಳನ್ನು ಆಳುತ್ತಿದ್ದ 1920ರ ದಶಕದಲ್ಲಿ ಈ ಊರಿನಲ್ಲಿ ರಾಮಾಂಗ್ ಹುಟ್ಟಿದನು. ಅವನ ಪೂರ್ಣ ಹೆಸರು ಅಷ್ಟೇ. ಆ ನಾಡಿನಲ್ಲಿ ಒಂದೇ ಹೆಸರಿನಿಂದ ಬಾಳನ್ನೆಲ್ಲ ಕಳೆಯುವವರು ಬಹು ಮಂದಿ.

ಆ ಪ್ರದೇಶದವರಿಗೆ ಸೆಪಾಕ್ ರಾಗಾ ಎಂಬ ಆಟ ಬಹು ಪ್ರಿಯವಾದುದು. ಬೆತ್ತದಿಂದ ಹೆಣೆದ ಟೊಳ್ಳು ಚೆಂಡನ್ನು ಮಧ್ಯದಲ್ಲಿಟ್ಟುಕೊಂಡು ಆಟಗಾರರು ವೃತ್ತಾಕಾರವಾಗಿ ನಿಲ್ಲುತ್ತಾರೆ. ಕೈ ಸೋಂಕದಂತೆ, ಪಾದದಿಂದಲೂ ಮೊಣಕಾಲಿನಿಂದಲೂ ತಲೆಯಿಂದಲೂ ಚಿಮ್ಮಿಸುತ್ತ, ಚೆಂಡು ನೆಲಕ್ಕೆ ಬೀಳದಂತೆ ನೋಡಿಕೊಳ್ಳುವುದೇ ಆ ಆಟ. ಇಲ್ಲಿ ಗೋಲಿಲ್ಲ, ಎದುರಾಳಿಯೂ ಇಲ್ಲ. ರಾಮಾಂಗನ ತಂದೆ ಈ ಆಟದಲ್ಲಿ ಸುತ್ತಮುತ್ತ ಹೆಸರಾದವನು. ಬೆತ್ತದ ಚೆಂಡು ಸಿಕ್ಕದಿದ್ದಾಗ ಬಾಲಕ ರಾಮಾಂಗನು ಚಿಂದಿ ಬಟ್ಟೆಯನ್ನು ಉಂಡೆ ಕಟ್ಟಿ ಒದೆಯುತ್ತಿದ್ದನು. ಅದೂ ಇಲ್ಲದಿದ್ದರೆ ಚಕ್ಕೋತದ ಹಣ್ಣಾದರೂ ಆಗುತ್ತಿತ್ತು. ಗಾಳಿಯಲ್ಲಿರುವ ಚೆಂಡನ್ನು ನೆಲ ಮುಟ್ಟುವ ಮೊದಲೇ ಬೇಕಾದ ಕಡೆಗೆ ತಿರುಗಿಸುವ ಚಾತುರ್ಯ ಅವನ ಕಾಲಿಗೆ ಬಂದದ್ದು ಹೀಗೆ. ಮುಂದೆ ದೊಡ್ಡ ಕ್ರೀಡಾಂಗಣಗಳಲ್ಲಿ ಜನ ಬೆರಗಾಗಿ ನೋಡಿದ ಅವನ ಒದೆತಗಳನ್ನು ಯಾವ ತರಬೇತುದಾರನೂ ಅವನಿಗೆ ಕಲಿಸಿದ್ದಲ್ಲ.

ಯೌವನಕ್ಕೆ ಕಾಲಿಟ್ಟಾಗ ದೇಶದ ಸ್ಥಿತಿ ಅಸ್ತವ್ಯಸ್ತವಾಗಿತ್ತು. 1942ರಲ್ಲಿ ಜಪಾನೀಯರು ಬಂದು ಡಚ್ಚರನ್ನು ಓಡಿಸಿದರು. 1945ರಲ್ಲಿ ಜಪಾನ್ ಸೋತು ಶರಣಾದಾಗ ಸುಕಾರ್ಣೊ ಅವರ ಮುಂದಾಳುತನದಲ್ಲಿ ಇಂಡೊನೇಷ್ಯ ತನ್ನ ಸ್ವಾತಂತ್ರ್ಯವನ್ನು ಸಾರಿತು. ಡಚ್ಚರು ಮರಳಿ ಬಂದರು, ಹೋರಾಟ ನಡೆಯಿತು, 1949ರ ಕೊನೆಯಲ್ಲಿ ಅವರು ಹೊಸ ರಾಷ್ಟ್ರವನ್ನು ಒಪ್ಪಲೇಬೇಕಾಯಿತು. ಈ ವರ್ಷಗಳಲ್ಲಿ ರಾಮಾಂಗನಂಥ ಬಡವರಿಗೆ ಹೊಟ್ಟೆ ಹೊರೆಯುವುದೇ ದೊಡ್ಡ ಯುದ್ಧವಾಗಿತ್ತು. ಅವನು ಕೆಲಕಾಲ ಲಾರಿಯಲ್ಲಿ ಕ್ಲೀನರನಾಗಿ ದುಡಿದನು. ಕೆಲಕಾಲ ಬೆಚಾ ತುಳಿದನು. ಬೆಚಾ ಎಂಬುದು ಆ ದೇಶದ ಸೈಕಲ್ ರಿಕ್ಷಾ. ಅದರಲ್ಲಿ ಪ್ರಯಾಣಿಕನ ಪೀಠ ಮುಂದೆ, ತುಳಿಯುವವನು ಹಿಂದೆ. ದಿನವೆಲ್ಲ ತುಳಿದ ಕಾಲುಗಳು ಸಂಜೆ ಮತ್ತೆ ಚೆಂಡನ್ನು ಅರಸಿ ಹೋಗುತ್ತಿದ್ದವು.

1947ರಲ್ಲಿ ರಾಮಾಂಗನು ಮಕಾಸ್ಸರಿನ ತಂಡವನ್ನು ಸೇರಿದನು. 1915ರಲ್ಲಿ ಸ್ಥಾಪಿತವಾದ ಆ ತಂಡ ಇಂದು ಪಿಎಸ್‌ಎಂ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಊರನ್ನೂ ಅಲ್ಲಿದ್ದ ಚಿಕ್ಕ ಕಾಫಿ ಅಂಗಡಿಯನ್ನೂ ಬಿಟ್ಟು ಅವನು ಸಂಸಾರ ಸಮೇತ ಪಟ್ಟಣಕ್ಕೆ ಬಂದನು. ತಂಡಕ್ಕೆ ಸೇರಿದೊಡನೆ ಜೀವನಕ್ಕೆ ದಾರಿಯಾಯಿತೆಂದು ಯಾರೂ ತಿಳಿಯಬಾರದು. ಆ ಕಾಲದಲ್ಲಿ ಇಂಡೊನೇಷ್ಯದ ಕಾಲ್ಚೆಂಡಾಟಗಾರನಿಗೆ ಆಟದಿಂದ ಸಂಬಳವೆಂಬುದು ಇರಲಿಲ್ಲ. ಆಡುವವನು ಆಡಬೇಕು, ಚಪ್ಪಾಳೆಯನ್ನು ಪಡೆಯಬೇಕು, ಅನ್ನವನ್ನು ಬೇರೆಡೆ ದುಡಿದುಕೊಳ್ಳಬೇಕು. ಕೆಲವು ಕಾಲ ನಿರುದ್ಯೋಗಿಯಾಗಿದ್ದ ರಾಮಾಂಗನಿಗೆ ಕೊನೆಗೆ ಲೋಕೋಪಯೋಗಿ ಇಲಾಖೆಯಲ್ಲಿ ಒಂದು ಸಣ್ಣ ಕೆಲಸ ದೊರೆಯಿತು.

1952ರಲ್ಲಿ ರಾಷ್ಟ್ರೀಯ ತಂಡದ ತರಬೇತಿಗಾಗಿ ಅವನಿಗೆ ಜಕಾರ್ತದಿಂದ ಕರೆ ಬಂದಿತು. ಬೇರೊಬ್ಬ ಆಟಗಾರನ ಸ್ಥಾನವನ್ನು ತುಂಬಲು ಹೋದವನು ಅಲ್ಲಿಯೇ ನೆಲೆಯೂರಿದನು. ಸ್ವಲ್ಪ ಕಾಲದಲ್ಲಿಯೇ ತಂಡವು ಪೂರ್ವ ಏಷ್ಯದ ದೇಶಗಳಲ್ಲಿ ಪ್ರವಾಸ ಮಾಡಿತು. ಆ ಪ್ರವಾಸದಲ್ಲಿ ತಂಡ ಹೊಡೆದ 25 ಗೋಲುಗಳಲ್ಲಿ 19 ರಾಮಾಂಗನೊಬ್ಬನವೇ ಎಂದು ಹೇಳುತ್ತಾರೆ. ಅವನು ಎತ್ತರದ ಆಳಲ್ಲ. ಆದರೆ ಚಿರತೆಯಂತೆ ನುಗ್ಗುತ್ತಿದ್ದನು. ಯಾವ ಕೋನದಿಂದ ಬೇಕಾದರೂ, ಚೆಂಡು ಯಾವ ಎತ್ತರದಲ್ಲಿದ್ದರೂ ಗೋಲಿನ ಕಡೆಗೆ ಒದೆಯಬಲ್ಲವನಾಗಿದ್ದನು. ಗೋಲಿಗೆ ಬೆನ್ನು ಮಾಡಿ, ನೆಲದಿಂದ ಮೇಲಕ್ಕೆ ಚಿಮ್ಮಿ, ಅಂಗಾತನಾಗಿ ಗಾಳಿಯಲ್ಲಿದ್ದಂತೆಯೇ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಒದೆಯುವುದು ಅವನ ವಿಶೇಷವಾಗಿತ್ತು. ಕಾರ್ನರ್ ಕಿಕ್ ಎಂದು ಕರೆಯುವ ಮೂಲೆಯ ಒದೆತದಿಂದ ಚೆಂಡನ್ನು ಯಾರೂ ಮುಟ್ಟದಂತೆ ನೇರವಾಗಿ ಗೋಲಿನೊಳಕ್ಕೆ ಬಾಗಿಸುವುದನ್ನೂ ಅವನು ಸಾಧಿಸಿಕೊಂಡಿದ್ದನು.

1954ರಲ್ಲಿ ಮನಿಲಾ ನಗರದಲ್ಲಿ ಎರಡನೆಯ ಏಷ್ಯನ್ ಕ್ರೀಡಾಕೂಟ ನಡೆಯಿತು. ಅದಕ್ಕೆ ಮೂರು ವರ್ಷಗಳ ಹಿಂದೆ, ದೆಹಲಿಯ ಮೊದಲ ಕೂಟದಲ್ಲಿ, ಭಾರತವು ಇಂಡೊನೇಷ್ಯವನ್ನು 3-0ಯಿಂದ ಸೋಲಿಸಿ, ಮುಂದೆ ಚಿನ್ನದ ಪದಕವನ್ನೂ ಗೆದ್ದಿತ್ತು. ಮನಿಲಾದಲ್ಲಿ ಲೆಕ್ಕ ತಿರುಗಿತು. ಇಂಡೊನೇಷ್ಯವು ಜಪಾನನ್ನು 5-3ರಿಂದಲೂ ಭಾರತವನ್ನು 4-0ಯಿಂದಲೂ ಸೋಲಿಸಿ ಉಪಾಂತ್ಯವನ್ನು ತಲುಪಿತು. ನಮ್ಮವರು ಆ ದಿನ ಸೋತದ್ದು ಎಂಥ ತಂಡಕ್ಕೆ ಎಂಬುದು ಎರಡು ವರ್ಷಗಳ ಮೇಲೆ ಜಗತ್ತಿಗೇ ತಿಳಿಯುವುದರಲ್ಲಿತ್ತು.

1956ರ ಒಲಿಂಪಿಕ್ ಕೂಟ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ನಡೆಯಿತು. ಯುಗೊಸ್ಲಾವಿಯದ ಪೊಗಾಚ್ನಿಕ್ ಎಂಬಾತ ಇಂಡೊನೇಷ್ಯದ ತರಬೇತುದಾರನಾಗಿದ್ದನು. ಮೊದಲ ಸುತ್ತಿನಲ್ಲಿ ದಕ್ಷಿಣ ವಿಯೆಟ್ನಾಂ ಹಿಂದೆ ಸರಿದುದರಿಂದ ತಂಡವು ಆಡದೆಯೇ ಮುಂದಕ್ಕೆ ಹೋಯಿತು. ಎರಡನೆಯ ಸುತ್ತಿನಲ್ಲಿ ಎದುರಾದದ್ದು ಸೋವಿಯತ್ ಒಕ್ಕೂಟ. ಆ ತಂಡದ ಗೋಲಿನಲ್ಲಿ ನಿಂತವನು ಲೆವ್ ಯಾಷಿನ್. ಕಾಲ್ಚೆಂಡಿನ ಚರಿತ್ರೆಯಲ್ಲಿಯೇ ಅವನಂಥ ಗೋಲುರಕ್ಷಕ ಇನ್ನೊಬ್ಬನಿಲ್ಲವೆಂದು ಹೇಳುವವರು ಇಂದಿಗೂ ಇದ್ದಾರೆ. ಸ್ವತಂತ್ರವಾಗಿ ಏಳು ವರ್ಷವೂ ತುಂಬದ ದೇಶದ ಹನ್ನೊಂದು ಜನ ಇಂಥ ತಂಡದ ಮುಂದೆ ನಿಂತಾಗ, ಎಷ್ಟು ಗೋಲುಗಳ ಅಂತರದಿಂದ ಸೋಲುವರೆಂಬುದಷ್ಟೇ ಪ್ರಶ್ನೆಯಾಗಿದ್ದಿರಬೇಕು.

ನವೆಂಬರ್ 29ರಂದು ಪಂದ್ಯ ನಡೆಯಿತು. ಇಂಡೊನೇಷ್ಯದ ಆಟಗಾರರಲ್ಲಿ ಬಹುಮಂದಿ ತಮ್ಮ ಗೋಲಿನ ಸುತ್ತ ಕೋಟೆ ಕಟ್ಟಿದಂತೆ ನಿಂತರು. ಗೋಲಿನಲ್ಲಿದ್ದವನು ಮೌಲ್ವಿ ಸೈಲಾನ್, ಅವನೂ ಮಕಾಸ್ಸರಿನವನೇ. ಅಲೆಯ ಮೇಲೆ ಅಲೆಯಾಗಿ ಬಂದ ಸೋವಿಯತ್ ದಾಳಿಗಳು ಈ ಕೋಟೆಗೆ ಬಡಿದು ಹಿಂದಿರುಗಿದವು. ಮುಂದೆ ಚೆಂಡಿಗಾಗಿ ಕಾದು ನಿಂತ ರಾಮಾಂಗನನ್ನು ಎತ್ತರದ ರಕ್ಷಕರು ನೆರಳಿನಂತೆ ಹಿಂಬಾಲಿಸಿದರು. ಆದರೂ ಅವನು ಅವರಿಂದ ತಪ್ಪಿಸಿಕೊಂಡು ಯಾಷಿನ್‌ನ ಗೋಲಿನತ್ತ ನುಗ್ಗಿದನು. ಪಂದ್ಯ ಮುಗಿಯುವುದಕ್ಕೆ ಸ್ವಲ್ಪವೇ ಮೊದಲು ಅಂಥದೊಂದು ಕ್ಷಣ ಒದಗಿತು. ಚೆಂಡು ಇನ್ನೇನು ಗೋಲಿನೊಳಗೆ ಎನ್ನುವಾಗ ಹಿಂದಿನಿಂದ ಯಾರೋ ತನ್ನ ಅಂಗಿಯನ್ನು ಹಿಡಿದೆಳೆದರೆಂದು ಅವನು ಮುಂದೆ ಹೇಳಿಕೊಳ್ಳುತ್ತಿದ್ದನು. ಆ ಗೋಲು ಆಗಲಿಲ್ಲ. 90 ನಿಮಿಷಗಳು ಕಳೆದು, ಹೆಚ್ಚುವರಿ ಕಾಲದ 30 ನಿಮಿಷಗಳೂ ಕಳೆದಾಗ ಎರಡೂ ಕಡೆ ಸೊನ್ನೆಯೇ ಉಳಿದಿತ್ತು.

ಇಂದಿನಂತೆ ಪೆನಾಲ್ಟಿ ಒದೆತಗಳಿಂದ ಗೆಲುವನ್ನು ನಿರ್ಣಯಿಸುವ ಪದ್ಧತಿ ಆಗ ಇರಲಿಲ್ಲ. ಪಂದ್ಯವನ್ನು ಮತ್ತೊಮ್ಮೆ ಆಡಬೇಕಾಗಿತ್ತು. ನಡುವೆ ದೊರೆತದ್ದು ಒಂದೇ ದಿನದ ವಿರಾಮ. ಡಿಸೆಂಬರ್ 1ರಂದು ಸೋವಿಯತ್ ತಂಡವು 4-0ಯಿಂದ ಗೆದ್ದಿತು. ಆ ಕೂಟದ ಚಿನ್ನವೂ ಅದಕ್ಕೇ ಹೋಯಿತು. ಆದರೆ ಇಂಡೊನೇಷ್ಯದ ಜನ ನೆನಪಿನಲ್ಲಿಟ್ಟುಕೊಂಡದ್ದು ಮೊದಲ ದಿನವನ್ನು. ಹಿಂದಿನ ವರ್ಷವಷ್ಟೇ ಏಷ್ಯ, ಆಫ್ರಿಕಗಳ ಹೊಸ ರಾಷ್ಟ್ರಗಳ ನಾಯಕರು, ನಮ್ಮ ನೆಹರೂ ಅವರೂ ಸೇರಿದಂತೆ, ಅವರ ಬಾಂಡುಂಗ್ ನಗರದಲ್ಲಿ ಸಭೆ ಸೇರಿದ್ದರು. ತಾವು ಯಾರಿಗೂ ಕಡಮೆಯಲ್ಲವೆಂದು ಆ ಸಭೆಯಲ್ಲಿ ಮಾತಿನಿಂದ ಸಾರಿದ್ದನ್ನು ಮೆಲ್ಬರ್ನಿನಲ್ಲಿ ಹನ್ನೊಂದು ಜನ ಕಾಲಿನಿಂದ ತೋರಿಸಿದ್ದರು.

ಮರುವರ್ಷ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳು. 1957ರ ಮೇ ತಿಂಗಳಲ್ಲಿ ಜಕಾರ್ತದಲ್ಲಿ ಇಂಡೊನೇಷ್ಯವು ಚೀನವನ್ನು 2-0ಯಿಂದ ಸೋಲಿಸಿತು. ಎರಡೂ ಗೋಲುಗಳು ರಾಮಾಂಗನವು. ಅವುಗಳಲ್ಲೊಂದು ಅವನ ಪ್ರಸಿದ್ಧವಾದ ಹಿಂದೊದೆತದಿಂದ ಬಂದದ್ದು. ಪೀಕಿಂಗ್ ನಗರದಲ್ಲಿ ಚೀನವು 4-3ರಿಂದ ಗೆದ್ದಿತು. ರಂಗೂನಿನಲ್ಲಿ ನಡೆದ ಮೂರನೆಯ ಪಂದ್ಯ ಗೋಲಿಲ್ಲದೆ ಮುಗಿದಾಗ, ಒಟ್ಟು ಗೋಲುಗಳ ಲೆಕ್ಕದಲ್ಲಿ ಇಂಡೊನೇಷ್ಯವೇ ಮುಂದಿತ್ತು. ಮುಂದಿನ ಸುತ್ತಿನಲ್ಲಿ ಇಸ್ರೇಲಿನೊಡನೆ ಆಡಬೇಕಾಗಿತ್ತು. ರಾಜಕೀಯ ಕಾರಣಗಳಿಂದ ಇಂಡೊನೇಷ್ಯವು ತಟಸ್ಥ ದೇಶವೊಂದರಲ್ಲಿ ಪಂದ್ಯ ನಡೆಯಲೆಂದು ಕೇಳಿತು. ವಿಶ್ವ ಸಂಸ್ಥೆಯಾದ ಫಿಫಾ ಒಪ್ಪಲಿಲ್ಲ. ತಂಡ ಹಿಂದೆ ಸರಿಯಿತು. ಇಸ್ರೇಲಿನೊಡನೆ ಆಡಲು ಬೇರೆ ದೇಶಗಳೂ ನಿರಾಕರಿಸಿದುದರಿಂದ ಕೊನೆಗೆ ಯೂರೋಪಿನಲ್ಲಿ ಸೋತು ಹೊರಗುಳಿದಿದ್ದ ವೇಲ್ಸ್ ದೇಶಕ್ಕೆ ಇಸ್ರೇಲಿನ ವಿರುದ್ಧ ಆಡುವ ಅವಕಾಶ ಸಿಕ್ಕಿತು. ಗೆದ್ದ ವೇಲ್ಸ್ ಸ್ವೀಡನ್ನಿಗೆ ಹೋಗಿ, ಹದಿನೇಳು ವರ್ಷದ ಪೆಲೆ ಎಂಬ ಹುಡುಗನ ಒಂದು ಗೋಲಿನಿಂದ ಬ್ರೆಜಿಲ್ಲಿಗೆ ಸೋತಿತು. ರಾಮಾಂಗನು ಮಾತ್ರ ವಿಶ್ವಕಪ್ಪಿನಲ್ಲಿ ಎಂದೂ ಆಡಲಿಲ್ಲ. ಆಟಗಾರನ ಯೌವನ ಹತ್ತು ವರ್ಷಗಳದ್ದು. ರಾಷ್ಟ್ರಗಳ ವ್ಯಾಜ್ಯಗಳಿಗೆ ಅಂಥ ಅವಸರವೇನೂ ಇರುವುದಿಲ್ಲ.

ಅವನ ತಂಡವಾದ ಪಿಎಸ್‌ಎಂ 1957ರಲ್ಲಿಯೂ 1959ರಲ್ಲಿಯೂ ರಾಷ್ಟ್ರದ ಚಾಂಪಿಯನ್ ಪದವಿಯನ್ನು ಗಳಿಸಿತು. ಸುವಾರ್ದಿ, ನುರ್ಸಲಾಮ್, ರಾಮಾಂಗ್, ಈ ಮೂವರು ಮುಂದಿನ ಸಾಲಿನಲ್ಲಿ ನಿಂತರೆಂದರೆ ಎದುರಾಳಿಗಳ ಎದೆ ನಡುಗುತ್ತಿತ್ತು. ಆ ದಶಕದಲ್ಲಿ ಹುಟ್ಟಿದ ಎಷ್ಟೋ ಗಂಡುಮಕ್ಕಳಿಗೆ ತಾಯಂದಿರು ರಾಮಾಂಗ್ ಎಂಬ ಹೆಸರನ್ನೇ ಇಟ್ಟರಂತೆ.

1960ರಲ್ಲಿ ಈ ಹೆಸರಿಗೆ ಮಸಿ ಬಿದ್ದಿತು. ಪಂದ್ಯದ ಸಂಬಂಧವಾಗಿ ಲಂಚ ತೆಗೆದುಕೊಂಡನೆಂಬ ಆರೋಪದ ಮೇಲೆ ಅವನನ್ನು ಆಟದಿಂದ ಹೊರಗಿಟ್ಟರು. ಎರಡು ವರ್ಷಗಳ ಮೇಲೆ ಮತ್ತೆ ಕರೆದರು. ಆದರೆ ಆ ಎರಡು ವರ್ಷಗಳಲ್ಲಿ ಕಾಲಿನ ಚುರುಕು ಇಳಿದಿತ್ತು, ಹೊಸ ಆಟಗಾರರು ಬಂದಿದ್ದರು. ಸಹಸ್ರಾರು ಜನರನ್ನು ಕ್ರೀಡಾಂಗಣಕ್ಕೆ ಎಳೆತರುತ್ತಿದ್ದವನಿಗೆ ಆ ಹಣದಲ್ಲಿ ಪಾಲೆಂಬುದು ಇರಲಿಲ್ಲವೆಂಬುದನ್ನು ಈ ಪ್ರಸಂಗವನ್ನು ಓದುವವರು ಮರೆಯಬಾರದು. ಅವನು 1968ರವರೆಗೂ ಆಡುತ್ತಲೇ ಇದ್ದನು. ಆಗ ಅವನ ವಯಸ್ಸು ನಲವತ್ತರ ಆಚೆ ಈಚೆ. ಕೊನೆಯ ಪಂದ್ಯ ಸುಮಾತ್ರದ ಮೆಡಾನ್ ನಗರದಲ್ಲಿ. ಅದರಲ್ಲಿ ತಂಡ ಸೋತಿತು.

ಅನಂತರ ಅವನು ತರಬೇತುದಾರನಾದನು. ಮಕಾಸ್ಸರಿನಲ್ಲಿಯೂ ಮಧ್ಯ ಸುಲಾವೆಸಿಯ ಪಾಲು ಎಂಬ ಊರಿನಲ್ಲಿಯೂ ಹುಡುಗರನ್ನು ಪಳಗಿಸಿದನು. ಯಾರಿಗೂ ತಿಳಿಯದಿದ್ದ ಪಾಲುವಿನ ತಂಡವು ಅವನ ಕೈಯಲ್ಲಿ ದೇಶದ ಗಮನವನ್ನು ಸೆಳೆಯುವಷ್ಟು ಬೆಳೆಯಿತು. ಆದರೆ ಕಾಲ ಬದಲಾಗಿತ್ತು. ತರಬೇತುದಾರನಿಗೆ ಪ್ರಮಾಣಪತ್ರವಿರಬೇಕೆಂಬ ನಿಯಮ ಬಂದಿತ್ತು. ತನ್ನ ಅನುಭವವಲ್ಲದೆ ರಾಮಾಂಗನ ಬಳಿ ಬೇರೆ ಪತ್ರವೇನೂ ಇರಲಿಲ್ಲ. ಸದ್ದಿಲ್ಲದೆ ಅವನನ್ನು ಬದಿಗೆ ಸರಿಸಲಾಯಿತು. ನಿಯಮ ತಪ್ಪಲ್ಲದಿರಬಹುದು; ಯಾಷಿನ್‌ನನ್ನು ಎದುರಿಸಿದ ಕಾಲುಗಳಿಗೆ ಒಂದು ಕಾಗದವನ್ನು ಸಂಪಾದಿಸಿಕೊಡಲು ಯಾರಿಗೂ ತೋಚಲಿಲ್ಲವಲ್ಲ ಎಂಬುದೇ ಖೇದದ ಸಂಗತಿ.

1981ರಲ್ಲಿ ಒಂದು ದಿನ ಹುಡುಗರಿಗೆ ಆಟ ಕಲಿಸುತ್ತಿದ್ದಾಗ ಮಳೆ ಬಂದಿತು. ನೆನೆದುಕೊಂಡೇ ಮನೆಗೆ ಹೋದವನು ಹಾಸಿಗೆ ಹಿಡಿದನು. ರೋಗ ಶ್ವಾಸಕೋಶಕ್ಕೆ ತಗಲಿತ್ತು. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆಯುವಷ್ಟು ಹಣ ಅವನಲ್ಲಿರಲಿಲ್ಲ. ಆರು ವರ್ಷಗಳ ಕಾಲ ನರಳಿ, 1987ರ ಸೆಪ್ಟೆಂಬರ್ 26ರಂದು, ಮಕ್ಕಳು ಮೊಮ್ಮಕ್ಕಳೊಡನೆ ವಾಸಿಸುತ್ತಿದ್ದ ತನ್ನ ಸಾಮಾನ್ಯವಾದ ಮನೆಯಲ್ಲಿಯೇ ಅವನು ಕಣ್ಣು ಮುಚ್ಚಿದನು. ಪಟ್ಟಣದ ಪನೈಕಾಂಗ್ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು. ಮೆಲ್ಬರ್ನಿನಲ್ಲಿ ಅವನೊಡನೆ ಆಡಿದ್ದ ಸೈಲಾನ್ ಸೈನ್ಯದಲ್ಲಿ ಅಧಿಕಾರಿಯಾಗಿ, ಒಂದು ಕಾಲದಲ್ಲಿ ಸುಕಾರ್ಣೊ ಅವರ ಅಂಗರಕ್ಷಕ ಪಡೆಯಲ್ಲಿ ಉನ್ನತ ಸ್ಥಾನವನ್ನು ಹೊಂದಿ, 2016ರವರೆಗೂ ಬಾಳಿದನು.

ರಾಮಾಂಗನು ತೀರಿಕೊಂಡಾಗ ಮಕಾಸ್ಸರಿನ ಹೆಸರು ಉಜುಂಗ್ ಪಾಂಡಾಂಗ್ ಎಂದಾಗಿತ್ತು. ಹಳೆಯ ಹೆಸರು 1999ರಲ್ಲಿ ಮರಳಿ ಬಂದಿತು. ನಗರದ ನಡುವಿನ ಕರೆಬೋಸಿ ಮೈದಾನದಲ್ಲಿ, ಅವನು ಅದೆಷ್ಟೋ ಸಂಜೆಗಳನ್ನು ಕಳೆದಿದ್ದ ಸ್ಥಳದಲ್ಲಿ, ಅವನ ಪ್ರತಿಮೆಯನ್ನು ನಿಲ್ಲಿಸಿದರು. 2012ರಲ್ಲಿ, ಅವನು ತೀರಿಕೊಂಡು 25 ವರ್ಷಗಳು ತುಂಬಿದಾಗ, ಫಿಫಾ ಸಂಸ್ಥೆಯು ಅವನನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿತು. ಪಿಎಸ್‌ಎಂ ತಂಡಕ್ಕೆ ಊರಿನ ಜನ ಇಟ್ಟ ಅಡ್ಡಹೆಸರುಗಳಲ್ಲಿ ಒಂದು ರಾಮಾಂಗನ ಪಡೆ. 2023ರಲ್ಲಿ ಆ ಪಡೆ ಮತ್ತೆ ರಾಷ್ಟ್ರದ ಚಾಂಪಿಯನ್ ಆಯಿತು.