ಚಿನ್ನದ ಗಣಿಯಲ್ಲಿ ಕಣ ಹುಡುಕಲು ದಾರಿ ತೋರಿದ ಹೋಮಿ ಭಾಭಾ

ಅಳವಂಡಿ: ಹೋಮಿ ಭಾಭಾ ಅಂದ್ರೆ ಅಣುಶಕ್ತಿ ಅಂತ ಶಾಲೆ ಮಕ್ಕಳಿಗೂ ಗೊತ್ತು. ಕಣ್ಣಿಗೆ ಕಾಣದ ಕಣ ಹುಡುಕೋಕೆ ಕರ್ನಾಟಕದ ನೆಲದಾಳಕ್ಕೆ ವಿಜ್ಞಾನಿಗಳನ್ನು ಇಳಿಸಿದವರೂ ಅವರೇ ಅನ್ನೋದು ಹಲವರಿಗೆ ತಿಳಿದಿಲ್ಲ.

1909ರ ಅಕ್ಟೋಬರ್ 30ರಂದು ಮುಂಬೈನ ಪಾರ್ಸಿ ಮನೆತನದಲ್ಲಿ ಜನನ. ಮಗ ಎಂಜಿನಿಯರ್ ಆಗಿ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಅಂತ ತಂದೆ ಕೇಂಬ್ರಿಜ್‌ಗೆ ಕಳಿಸಿದರು. ಭಾಭಾ ಎಂಜಿನಿಯರಿಂಗ್ ಮುಗಿಸಿದರೂ ಮನಸ್ಸು ಭೌತವಿಜ್ಞಾನದ ಕಡೆ ಹೊರಳಿತು. 1939ರಲ್ಲಿ ರಜೆಗೆ ಬಂದಾಗ ಎರಡನೇ ಮಹಾಯುದ್ಧ ಶುರುವಾಗಿ ವಾಪಸ್ ಹೋಗಲಾಗಲಿಲ್ಲ. ಸಿ.ವಿ. ರಾಮನ್ ಇದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ವಿಶ್ವಕಿರಣ ಸಂಶೋಧನೆ ವಿಭಾಗ ಕಟ್ಟಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸ್ಥಾಪಿಸಿದರು.

ಆಕಾಶದಿಂದ ಬರುವ ವಿಶ್ವಕಿರಣದ ಕಣಗಳು ನಮ್ಮ ಅಂಗೈ ಮೂಲಕವೇ ಸೆಕೆಂಡಿಗೆ ಸುಮಾರು ಒಂದರಂತೆ ಹಾದು ಹೋಗ್ತವೆ. ಇವು ಎಷ್ಟು ಆಳಕ್ಕೆ ಇಳಿಯುತ್ತವೆ ಅಂತ ಅಳೆಯಲು ಭಾಭಾ 1951ರಲ್ಲಿ ಯುವ ವಿಜ್ಞಾನಿ, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರನ್ನು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅದೇ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ 1965ರಲ್ಲಿ ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತು ಹಿಡಿಯಿತು.

ಆಳವೇ ಯಾಕೆ? ಸಂತೆಯ ಗದ್ದಲದಲ್ಲಿ ಚಿಲ್ಲರೆ ಬಿದ್ದ ಸಪ್ಪಳ ಕೇಳಂಗಿಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೆ ಕೇಳ್ತದೆ. ಮೇಲಿನ ಬಂಡೆ ವಿಶ್ವಕಿರಣದ ಗದ್ದಲ ತಡೀತದೆ.

ಭಾಭಾ ಡಾರ್ಕ್ ಮ್ಯಾಟರ್ ಹುಡುಕಿದವರಲ್ಲ. ಆದರೆ ಇವತ್ತು ಅದನ್ನು ಹುಡುಕೋದೂ ಇದೇ ರೀತಿ. ಬ್ರಹ್ಮಾಂಡದ ವಸ್ತುವಿನಲ್ಲಿ ಶೇ 85ರಷ್ಟು ಬೆಳಕು ಸೂಸದ, ಕಾಣದ ವಸ್ತು. ನಕ್ಷತ್ರಗಳನ್ನು ಎಳೆಯುವ ಅದರ ಗುರುತ್ವದಿಂದ ಮಾತ್ರ ಅದು ಇದೆ ಅಂತ ತಿಳೀತದೆ. ಅಮೆರಿಕದ ಮುಚ್ಚಿದ ಚಿನ್ನದ ಗಣಿಯೊಂದರಲ್ಲಿ, ಸುಮಾರು 1.5 ಕಿ.ಮೀ. ಆಳದಲ್ಲಿ 10 ಟನ್ ದ್ರವ ಕ್ಸೆನಾನ್ ತುಂಬಿಟ್ಟು ವಿಜ್ಞಾನಿಗಳು ಕಾಯ್ತಿದ್ದಾರೆ. ಕಾಣದ ಕಣ ಬಂದು ಬಡಿದರೆ ಸಣ್ಣ ಮಿನುಗು ಹುಟ್ಟಬೇಕು. ಜಾರ್ಖಂಡ್‌ನ ಜಾದುಗೂಡ ಯುರೇನಿಯಂ ಗಣಿಯಲ್ಲೂ 555 ಮೀಟರ್ ಆಳದಲ್ಲಿ 2017ರಲ್ಲಿ ಪ್ರಯೋಗಾಲಯ ಶುರುವಾಯಿತು. ಆ ಕಣ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

1966ರ ಜನವರಿ 24ರಂದು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಬಳಿ ಏರ್ ಇಂಡಿಯಾ ವಿಮಾನ ಅಪ್ಪಳಿಸಿ ಭಾಭಾ ತೀರಿಕೊಂಡರು. ವಯಸ್ಸು ಬರೀ 56. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೀರಿದ ಗಣಿಗೂ ಬೆಲೆ ಇದೆ ಅಂತ ಅಮೆರಿಕ ತೋರಿಸಿದೆ. ಅದಕ್ಕೂ ಮೊದಲೇ ಗಣಿಯಾಳದ ದಾರಿ ತುಳಿದಿದ್ದ ನಮ್ಮ ನಾಡಿನಲ್ಲಿ ಆ ಆಳ ಈಗ ನೀರು ತುಂಬಿ ನಿಂತಿದೆ.