ನೆರೆಮನೆಯ ಬೆಂಕಿ

ಡೆಲವೇರ್ ನದಿಯ ದಡದಲ್ಲಿರುವ ಫಿಲಡೆಲ್ಫಿಯ, ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಬ್ರಿಟಿಷರ ಅಧೀನದಲ್ಲಿದ್ದ ಒಂದು ವಸಾಹತಿನ ಪಟ್ಟಣವಾಗಿತ್ತು. ಅಲ್ಲಿನ ಚಳಿಗಾಲ ಕಠಿಣವಾದುದು. ಮನೆಮನೆಯಲ್ಲಿಯೂ ಸೌದೆಯ ಬೆಂಕಿ ಉರಿಯುತ್ತಿತ್ತು. ರಾತ್ರಿಯಾದರೆ ಮೇಣದಬತ್ತಿಯೇ ಬೆಳಕು. ಒಂದು ಕಿಡಿ ಹಾರಿದರೆ ಸಾಲುಮನೆಗಳು ಬೂದಿಯಾಗಬಹುದಾಗಿತ್ತು. ಕೂಗು ಕೇಳಿದೊಡನೆ ಧಾವಿಸಿ ಬರಲು ಸಂಬಳದ ಅಗ್ನಿಶಾಮಕ ದಳವಿರಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ನಮ್ಮ ಗಾದೆ ಆ ಊರಿಗೂ ಒಪ್ಪುತ್ತಿತ್ತು. ಈ ಸ್ಥಿತಿಯನ್ನು ಬದಲಿಸಲು ಮುಂದಾದವನು ಒಬ್ಬ ಮುದ್ರಕ. ಅವನೇ ಬೆಂಜಮಿನ್ ಫ್ರಾಂಕ್ಲಿನ್.

ಫ್ರಾಂಕ್ಲಿನ್ 1706ರ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಹುಟ್ಟಿದನು. ತಂದೆ ಸಾಬೂನು ಮತ್ತು ಬತ್ತಿಗಳನ್ನು ತಯಾರಿಸುತ್ತಿದ್ದ ಬಡ ಕಸುಬುದಾರ. ಅವನ ಹದಿನೇಳು ಮಕ್ಕಳಲ್ಲಿ ಬೆಂಜಮಿನ್ ಕೊನೆಯ ಗಂಡುಮಗು. ಅವನಿಗೆ ಐದು ವರ್ಷವಾಗಿದ್ದಾಗ, 1711ರಲ್ಲಿ, ಬಾಸ್ಟನ್ನಿನಲ್ಲಿ ದೊಡ್ಡ ಬೆಂಕಿಯೆದ್ದು ಸುಮಾರು ನೂರು ಮನೆಗಳು ಸುಟ್ಟುಹೋದವು. ಶಾಲೆಯ ಭಾಗ್ಯ ಅವನಿಗೆ ದೊರೆತದ್ದು ಎರಡೇ ವರ್ಷ. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನ ಮುದ್ರಣಾಲಯಕ್ಕೆ ಕೆಲಸ ಕಲಿಯಲು ಸೇರಿದನು. ಅಣ್ಣನ ಹೊಡೆತ ಬೈಗಳನ್ನು ತಾಳಲಾರದೆ ಹದಿನೇಳನೆಯ ವಯಸ್ಸಿನಲ್ಲಿ ಊರು ಬಿಟ್ಟು ಫಿಲಡೆಲ್ಫಿಯಕ್ಕೆ ಓಡಿಬಂದನು. ದುಡಿಮೆಯಿಂದ ಸ್ವಂತ ಮುದ್ರಣಾಲಯವನ್ನು ಕಟ್ಟಿದನು. 1729ರಲ್ಲಿ ಒಂದು ಪತ್ರಿಕೆಯ ಒಡೆಯನಾದನು.

1730ರಲ್ಲಿ ನದಿಯ ಹಡಗುಕಟ್ಟೆಯ ಬಳಿ ಬೆಂಕಿ ಹತ್ತಿ ಅಂಗಡಿಗಳೂ ಮನೆಗಳೂ ನಾಶವಾದವು. ಅಂದು ಗಾಳಿ ಹೆಚ್ಚಾಗಿರಲಿಲ್ಲ. ಒಳ್ಳೆಯ ಯಂತ್ರ, ಸಲಕರಣೆಗಳಿದ್ದಿದ್ದರೆ ಬೆಂಕಿ ಹರಡದಂತೆ ತಡೆಯಬಹುದಾಗಿತ್ತೆಂದು ಅವನ ಪತ್ರಿಕೆ ಬರೆಯಿತು. ಮನೆಗಳಿಗೆ ಬೆಂಕಿ ಬೀಳುವುದು ಹೇಗೆ ಎಂಬುದನ್ನು ಫ್ರಾಂಕ್ಲಿನ್ ಆಮೇಲೆ ಶ್ರದ್ಧೆಯಿಂದ ವಿಚಾರಮಾಡಿದನು. 1735ರಲ್ಲಿ ತನ್ನ ಪತ್ರಿಕೆಯಲ್ಲಿಯೇ ವೃದ್ಧನೊಬ್ಬನು ಬರೆದಂತೆ ಒಂದು ಪತ್ರವನ್ನು ಪ್ರಕಟಿಸಿದನು. ಆಗ ಅವನಿಗಿನ್ನೂ ಇಪ್ಪತ್ತೊಂಬತ್ತು ವರ್ಷ! ಜನರು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಲಿಕೆಯಲ್ಲಿ ಕೆಂಡವನ್ನು ತೆರೆದೇ ಒಯ್ಯುತ್ತಾರೆ. ಮೆಟ್ಟಿಲ ಸಂದಿನಲ್ಲಿ ಬಿದ್ದ ಚೂರು ಯಾರ ಕಣ್ಣಿಗೂ ಬೀಳದೆ ನಡುರಾತ್ರಿಯಲ್ಲಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಕೆಂಡವನ್ನು ಮುಚ್ಚಿದ ಪಾತ್ರೆಯಲ್ಲಿ ಒಯ್ಯಬೇಕು ಎಂದು ಆ ಪತ್ರವು ತಿಳಿಸಿತು. ಹೊಗೆಗೂಡನ್ನು ಗುಡಿಸುವವರಿಗೆ ನಗರಾಧ್ಯಕ್ಷನ ಪರವಾನಗಿ ಇರಬೇಕು. ಗುಡಿಸಿದ ಹದಿನೈದು ದಿನಗಳೊಳಗೆ ಆ ಗೂಡು ಹೊತ್ತಿಕೊಂಡರೆ ದಂಡವನ್ನು ಅವರೇ ತೆರಬೇಕು ಎಂದೂ ಸೂಚಿಸಿತು. ಇವು ಸಣ್ಣ ಮಾತುಗಳೆಂದು ತೋರಬಹುದು. ಆದರೆ ಊರನ್ನು ಸುಡುವ ಕಿಡಿಯೂ ಸಣ್ಣದೇ ಅಲ್ಲವೆ?

ಎಚ್ಚರಿಕೆಯೊಂದೇ ಸಾಲದು, ಒಗ್ಗಟ್ಟೂ ಬೇಕೆಂದು ಅವನು ಕಂಡುಕೊಂಡನು. ಬಾಸ್ಟನ್ನಿನಲ್ಲಿ ಇಂತಹ ಉದ್ದೇಶದ ಕೂಟಗಳು ಆಗಲೇ ಹುಟ್ಟಿದ್ದವು. 1736ರ ಡಿಸೆಂಬರ್ 7ರಂದು ಫ್ರಾಂಕ್ಲಿನ್ನನೂ ಅವನ ಮಿತ್ರರೂ ಸೇರಿ ‘ಯೂನಿಯನ್ ಫೈರ್ ಕಂಪೆನಿ’ ಎಂಬ ಸ್ವಯಂಸೇವಕರ ಸಂಘವನ್ನು ಸ್ಥಾಪಿಸಿದರು. ಹೆಸರಿನಲ್ಲಿ ಕಂಪೆನಿ ಎಂದಿದ್ದರೂ ಲಾಭದ ಮಾತು ಅಲ್ಲಿರಲಿಲ್ಲ. ಸದಸ್ಯರ ಸಂಖ್ಯೆ ಮೂವತ್ತರಷ್ಟಿತ್ತು. ಎಲ್ಲರೂ ಒಪ್ಪಂದದ ಪತ್ರಕ್ಕೆ ರುಜು ಹಾಕಿದರು.

ಆ ನಿಯಮಗಳು ಬಹು ಸ್ವಾರಸ್ಯವಾಗಿವೆ. ಪ್ರತಿಯೊಬ್ಬ ಸದಸ್ಯನೂ ಸ್ವಂತ ಖರ್ಚಿನಿಂದ ಚರ್ಮದ ಬಕೆಟ್ಟುಗಳನ್ನೂ ಗಟ್ಟಿ ಬಟ್ಟೆಯ ಚೀಲಗಳನ್ನೂ ಮಾಡಿಸಿ, ಅವುಗಳ ಮೇಲೆ ತನ್ನ ಹೆಸರನ್ನು ಗುರುತು ಹಾಕಿ ಸಿದ್ಧವಾಗಿಟ್ಟಿರಬೇಕು. ಬಕೆಟ್ಟು ನೀರಿಗೆ, ಚೀಲವು ಮನೆಯೊಳಗಿನ ಸಾಮಾನುಗಳನ್ನು ತುಂಬಿ ಹೊರಗೆ ಸಾಗಿಸುವುದಕ್ಕೆ. ರಾತ್ರಿ ಬೆಂಕಿಯ ಕೂಗು ಕೇಳಿದ ಕೂಡಲೆ ಸದಸ್ಯರೆಲ್ಲರೂ ತಮ್ಮ ಕಿಟಕಿಗಳಲ್ಲಿ ದೀಪಗಳನ್ನಿಡಬೇಕು. ಉರಿಯುವ ಮನೆಗೆ ಕಳ್ಳರು ನುಗ್ಗುವುದುಂಟು. ಆದ್ದರಿಂದ ಇಬ್ಬರು ಸದಸ್ಯರು ಬಾಗಿಲಲ್ಲಿ ಕಾವಲು ನಿಲ್ಲಬೇಕು. ಸದಸ್ಯನೊಬ್ಬನು ತೀರಿಕೊಂಡರೆ ಅವನ ವಿಧವೆಗೂ ಅದೇ ರಕ್ಷಣೆ ದೊರೆಯಬೇಕು. ಅವಳು ಬಕೆಟ್ಟು ಮತ್ತು ಚೀಲಗಳನ್ನು ಸುಸ್ಥಿತಿಯಲ್ಲಿಟ್ಟುಕೊಂಡಿದ್ದರೆ ಸಾಕು. ಸಭೆಗೆ ಬಾರದವರು ದಂಡ ತೆರಬೇಕು. ಹೀಗೆ ಕೂಡಿದ ದಂಡದ ಹಣದಿಂದಲೇ ನೀರು ಚಿಮ್ಮಿಸುವ ಯಂತ್ರ, ಏಣಿ, ಕೊಕ್ಕೆಗಳನ್ನು ಕೊಂಡರು. ಸೋಮಾರಿತನವೂ ಊರಿನ ಉಪಯೋಗಕ್ಕೆ ಬಂದಂತಾಯಿತು!

ಸಂಘದ ಕೀರ್ತಿ ಹರಡಿತು. ಸೇರಲು ಬಯಸಿದವರ ಸಂಖ್ಯೆ ಮಿತಿಮೀರಿದಾಗ, ಅವರನ್ನು ಇದೇ ಸಂಘಕ್ಕೆ ತುಂಬಿಕೊಳ್ಳುವ ಬದಲು ಬೇರೆ ಸಂಘವನ್ನೇ ಕಟ್ಟಿಕೊಳ್ಳಿರೆಂದು ಸಲಹೆ ನೀಡಲಾಯಿತು. ಹೀಗೆ ಒಂದಾದ ಮೇಲೊಂದು ಹುಟ್ಟಿ ನಗರದ ಆಸ್ತಿವಂತರಲ್ಲಿ ಬಹುಪಾಲು ಜನ ಯಾವುದಾದರೊಂದು ಸಂಘದ ಸದಸ್ಯರಾದರು.

ಈ ಸಂಘದ ಒಂದು ಸಭೆಯನ್ನು ಮರೆಯುವಂತಿಲ್ಲ. 1747ರಲ್ಲಿ ಯುದ್ಧದ ಭಯವುಂಟಾಗಿ, ನಗರದ ರಕ್ಷಣೆಗೆ ಫಿರಂಗಿಗಳನ್ನು ಒದಗಿಸಲು ಲಾಟರಿಯೊಂದನ್ನು ಏರ್ಪಡಿಸಲಾಯಿತು. ಸಂಘದ ಬಳಿಯಿದ್ದ ಸುಮಾರು 60 ಪೌಂಡುಗಳನ್ನು ಅದರಲ್ಲಿ ತೊಡಗಿಸಬೇಕೆಂಬ ಸೂಚನೆ ಬಂದಿತು. ಆದರೆ ಮೂವತ್ತು ಸದಸ್ಯರಲ್ಲಿ ಇಪ್ಪತ್ತೆರಡು ಮಂದಿ ಯುದ್ಧವನ್ನು ಪಾಪವೆಂದು ನಂಬಿದ ಕ್ವೇಕರ್ ಪಂಥದವರು. ಸೂಚನೆ ಬಿದ್ದುಹೋದರೆ ಬೆಂಕಿಯ ಯಂತ್ರವನ್ನು ಕೊಳ್ಳೋಣವೆಂದು ಹೇಳಿ ಫಿರಂಗಿಯನ್ನೇ ತರೋಣ, ಅದೂ ಬೆಂಕಿಯ ಯಂತ್ರವೇ ತಾನೆ ಎಂದು ಫ್ರಾಂಕ್ಲಿನ್ ಮಿತ್ರನೊಡನೆ ವಿನೋದವಾಡಿದನು. ಸಭೆಯ ದಿನ ವಿರೋಧಿಸಲು ಬಂದ ಕ್ವೇಕರನು ಒಬ್ಬನೇ! ಇನ್ನೆಂಟು ಮಂದಿ ಹತ್ತಿರದ ಪಾನಗೃಹದಲ್ಲಿ ಕುಳಿತು, ಅಗತ್ಯಬಿದ್ದರೆ ಮಾತ್ರ ಬಂದು ಸೂಚನೆಯ ಪರವಾಗಿ ಮತ ನೀಡುವೆವೆಂದು ಗುಟ್ಟಾಗಿ ಹೇಳಿಕಳುಹಿಸಿದ್ದರು. ವಿರೋಧಿಯ ಕೋರಿಕೆಯಂತೆ ಒಂದು ಗಂಟೆ ಕಾದರೂ ಅವನ ಕಡೆಯವರು ಯಾರೂ ಬರಲಿಲ್ಲ. ಒಂದಕ್ಕೆ ಎಂಟು ಮತಗಳಿಂದ ಸೂಚನೆ ಅಂಗೀಕಾರವಾಯಿತು.

1752ರಲ್ಲಿ ಫ್ರಾಂಕ್ಲಿನ್ ಗುಡುಗಿನ ಮೋಡದತ್ತ ಗಾಳಿಪಟವನ್ನು ಹಾರಿಸಿ, ಮಿಂಚು ವಿದ್ಯುತ್ತೇ ಎಂದು ಪರೀಕ್ಷಿಸಿದ ಕಥೆ ಲೋಕಪ್ರಸಿದ್ಧವಾಗಿದೆ. ಅದರ ಹಿಂದೆಯೂ ಮನೆಗಳ ಚಿಂತೆಯಿತ್ತೆಂಬುದನ್ನು ನಾವು ಗಮನಿಸಬೇಕು. ಸಿಡಿಲಿನ ಬೆಂಕಿಯಿಂದ ಕಟ್ಟಡಗಳನ್ನು ಕಾಪಾಡುವ ಮಿಂಚುವಾಹಕವು ಅವನ ಕೊಡುಗೆ. ಅದೇ ವರ್ಷ, ಬೆಂಕಿಯಿಂದ ಮನೆ ಕಳೆದುಕೊಂಡವರಿಗೆ ನಷ್ಟ ತುಂಬಿಕೊಡುವ ವಿಮಾ ಸಂಸ್ಥೆಯೊಂದು ಅವನ ಪ್ರಯತ್ನದಿಂದ ಆರಂಭವಾಯಿತು. ಅದು ಇಂದಿಗೂ ನಡೆಯುತ್ತಿದೆ.

ಮುಂದೆ ಅವನು ಅಮೆರಿಕದ ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ ಸಹಿ ಹಾಕಿದ ಮುತ್ಸದ್ದಿಯಾದನು. ದೀರ್ಘಕಾಲ ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದನು. ಅವನ ಬಾಳಿನಲ್ಲಿ ಕಪ್ಪುಚುಕ್ಕೆ ಇರಲಿಲ್ಲವೆಂದಲ್ಲ. ಗುಲಾಮರನ್ನು ಅವನೂ ಇಟ್ಟುಕೊಂಡಿದ್ದನು. ಇಳಿವಯಸ್ಸಿನಲ್ಲಿ ಮನಸ್ಸು ಬದಲಾಗಿ ಗುಲಾಮಗಿರಿಯ ನಿವಾರಣೆಗೆ ಶ್ರಮಿಸುವ ಸಂಘದ ಅಧ್ಯಕ್ಷನಾದನು; ಸಾಯುವ ಕೆಲವೇ ವಾರಗಳ ಮುಂಚೆ ಆ ಪದ್ಧತಿಯ ವಿರುದ್ಧ ಶಾಸನಸಭೆಗೆ ಮನವಿ ಸಲ್ಲಿಸಿದನು.

ಎಂಬತ್ತು ದಾಟಿದ ಮೇಲೆ ಆತ್ಮಕಥೆಯನ್ನು ಮುಂದುವರಿಸುತ್ತ ಅವನು ತನ್ನ ಸಂಘವನ್ನು ನೆನೆದನು. ಅದು ಹುಟ್ಟಿ ಐವತ್ತು ವರ್ಷಗಳು ಕಳೆದಿದ್ದರೂ ಇನ್ನೂ ಬಾಳುತ್ತಿತ್ತು. ಆ ಸಂಘಗಳು ಹುಟ್ಟಿದಂದಿನಿಂದ ನಗರವು ಒಂದು ಸಲಕ್ಕೆ ಒಂದೆರಡು ಮನೆಗಳಿಗಿಂತ ಹೆಚ್ಚನ್ನು ಬೆಂಕಿಗೆ ಕಳೆದುಕೊಂಡಿಲ್ಲವೆಂದು ಅವನು ತೃಪ್ತಿಯಿಂದ ಬರೆದನು. ಮೊದಲ ಸದಸ್ಯರಲ್ಲಿ ಉಳಿದಿದ್ದವರು ಇಬ್ಬರೇ: ತಾನು, ಮತ್ತು ತನಗಿಂತ ಒಂದು ವರ್ಷ ಹಿರಿಯನಾದ ಇನ್ನೊಬ್ಬನು. 1790ರ ಏಪ್ರಿಲ್ 17ರಂದು ಫ್ರಾಂಕ್ಲಿನ್ ನಿಧನ ಹೊಂದಿದನು. ಅವನ ಅಂತ್ಯಯಾತ್ರೆಗೆ ಸುಮಾರು 20,000 ಜನ ನೆರೆದಿದ್ದರು.

ಫಿಲಡೆಲ್ಫಿಯದ ಸ್ವಯಂಸೇವಕ ದಳಗಳು ಅವನ ಬಳಿಕವೂ ಎಂಬತ್ತು ವರ್ಷ ದುಡಿದವು. ಬರಬರುತ್ತ ಅವುಗಳಲ್ಲಿ ಪೈಪೋಟಿ ಬೆಳೆದು, ಬೀದಿ ಜಗಳಗಳೂ ನಡೆದವು. ಕೊನೆಗೆ 1871ರಲ್ಲಿ ನಗರವು ಸಂಬಳದ ದಳವನ್ನು ನೇಮಿಸಿತು. ಆದರೆ ಆ ದೇಶದ ಸಣ್ಣ ಊರುಗಳಲ್ಲಿ ಬೆಂಕಿಯ ಕರೆ ಬಂದೊಡನೆ ತಮ್ಮ ಕೆಲಸವನ್ನು ಬಿಟ್ಟು ಓಡುವವರು ಇಂದಿಗೂ ಹೆಚ್ಚಾಗಿ ನೆರೆಹೊರೆಯ ಸ್ವಯಂಸೇವಕರೇ.