ಪಾತ್ರೆ ಮಾರಿದ ಮನೆಯ ಮಗಳು

ಪಂಡಿತಾ ರಮಾಬಾಯಿ ಅಂದ ತಕ್ಷಣ ನಮ್ಮ ಪೆಂತೆಕೊಸ್ತ್ ಸಭೆಗಳಲ್ಲಿ 1905ರ ಮುಕ್ತಿ ಮಿಷನ್ ಉಜ್ಜೀವನದ ಮಾತೇ ಬರುತ್ತೆ. ಅದನ್ನ ಇನ್ನೊಂದು ಭಾನುವಾರ ಹೇಳ್ತೀನಿ. ಇವತ್ತು ಅವರ ಮನೆಯ ವಿಷಯ, ಮನೆಯ ಸಾಮಾನಿನ ವಿಷಯ.

ಅವರು ನಮ್ಮ ಕರ್ನಾಟಕದಲ್ಲೇ ಹುಟ್ಟಿದವರು. 1858ರಲ್ಲಿ, ತುಂಗಾ ಭದ್ರಾ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಬಾರದು ಅಂತಿದ್ದ ಕಾಲದಲ್ಲಿ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ಬಂದ ಯಾತ್ರಿಕರಿಗೆ, ವಿದ್ಯಾರ್ಥಿಗಳಿಗೆ ಊಟ ಹಾಕಿ ಹಾಕಿ ಆಸ್ತಿ ಕರಗಿತು. ಮಗುವಿಗೆ ಆರು ತಿಂಗಳಿದ್ದಾಗ ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಹೊರಿಸಿಕೊಂಡು, ಇಡೀ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಮುಂದೆ ಅಮ್ಮನೇ ಮಗಳಿಗೆ ಗುರು.

ಹೋದಲ್ಲೆಲ್ಲ ಪುರಾಣ ಓದೋದು, ದಾನಧರ್ಮ ಮಾಡೋದು. ಪುಣ್ಯ ಬರುತ್ತೆ, ದೇವರು ಕೈಬಿಡಲ್ಲ ಅನ್ನೋ ನಂಬಿಕೆ. ಆಮೇಲೆ ಮದ್ರಾಸ್ ಪ್ರಾಂತ್ಯಕ್ಕೆ ಬರ ಬಂತು. ಒಡವೆ ಹೋಯಿತು, ಒಳ್ಳೆ ಬಟ್ಟೆ ಹೋಯಿತು, ಬೆಳ್ಳಿ ಹೋಯಿತು. ಕೊನೆಗೆ ಅಡುಗೆಯ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನೂ ಮಾರಿದರು. ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ಸೇರಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಅನಂತಶಾಸ್ತ್ರಿಗಳ ಬಗ್ಗೆ ನಾನು ಹಗುರವಾಗಿ ಮಾತಾಡಲ್ಲ. ನಮ್ಮಲ್ಲಿ ಎಷ್ಟು ಜನ ಅಷ್ಟು ಕೊಟ್ಟಿದ್ದೀವಿ? ಆದ್ರೆ ಕೊಟ್ಟರೆ ದೇವರು ವಾಪಸ್ ಕೊಡಲೇಬೇಕು ಅನ್ನೋ ಲೆಕ್ಕ ನಮ್ಮ ಸಭೆಗಳಲ್ಲೂ ಇದೆ. ಇದೇ ಬಿಳೇಕಹಳ್ಳಿಯಲ್ಲಿ ಫ್ಲ್ಯಾಟಿನ ಇಎಂಐಗೇ ಒದ್ದಾಡುತ್ತಾ, ಸಾವಿರ ಬಿತ್ತಿದರೆ ಲಕ್ಷ ಕೊಯ್ಯಬಹುದು ಅಂತ ಗೂಗಲ್ ಪೇ ಮಾಡೋ ತಮ್ಮಂದಿರಿದ್ದಾರೆ. ಬರಲಿಲ್ಲ ಅಂದ್ರೆ ನಿನ್ನ ನಂಬಿಕೆ ಸಾಲದು ಅಂತ ಅವರನ್ನೇ ಬೈತೀವಿ. ಅದು ಕಾಣಿಕೆ ಅಲ್ಲ, ಚೀಟಿ ವ್ಯವಹಾರ.

ಅಣ್ಣನೂ ತೀರಿಕೊಂಡರು. 1880ರಲ್ಲಿ ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರನ್ನ ರಮಾಬಾಯಿ ಮದುವೆಯಾದರು. ಎರಡು ವರ್ಷದೊಳಗೆ ಕಾಲರಾ ಬಂದು ಅವರೂ ಹೋದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ತಾಯಿ ಮಗಳು ದೀಕ್ಷಾಸ್ನಾನ ಪಡೆದರು.

ವಾಪಸ್ ಬಂದು 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು, ವಿಧವೆಯರಿಗಾಗಿ. ಆಮೇಲೆ ಪುಣೆ ಹತ್ತಿರ ಕೇಡಗಾಂವ್‌ನಲ್ಲಿ ಸುಮಾರು 100 ಎಕರೆ ಜಮೀನು. ನೋಡಿ, ಅಷ್ಟೆಲ್ಲ ಕಳಕೊಂಡವರು ಆಸ್ತಿಯೇ ಬೇಡ ಅಂತ ಓಡಿಹೋಗಲಿಲ್ಲ. ಬಾವಿ ತೋಡಿಸಿದರು, ಬೆಳೆ ಬೆಳೆಸಿದರು. 1896ರ ಬರದಲ್ಲಿ ತಾವೇ ಮಧ್ಯ ಪ್ರಾಂತ್ಯಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನ ಕರೆತಂದರು. 1900ರ ಗುಜರಾತ್ ಬರದ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು 2000 ಜನ. ಅವರಿಗೆ ನೇಯ್ಗೆ, ಎಣ್ಣೆ ಗಾಣ, ಅಚ್ಚುಕೂಟದ ಕೆಲಸ ಕಲಿಸಿದರು. ಅಪ್ಪನ ಮನೆಯಲ್ಲಿ ಶಾಸ್ತ್ರ ಬಿಟ್ಟು ದುಡಿಮೆ ಕಲಿಸಿರಲಿಲ್ಲ, ಬರ ಬಂದಾಗ ಕೂಲಿ ಮಾಡೋದೂ ಗೊತ್ತಿರಲಿಲ್ಲ. ಅದನ್ನ ರಮಾಬಾಯಿ ಮರೆತಿರಲಿಲ್ಲ ಅಂತ ನನಗನ್ಸುತ್ತೆ.

ಮನೋರಮಾ ಓದು ಮುಗಿಸಿ ಅಮ್ಮನ ಕೆಲಸಕ್ಕೇ ಬಂದರು. ನಮ್ಮ ಗುಲ್ಬರ್ಗಾದಲ್ಲೂ ಶಾಲೆ ಶುರುವಾಯಿತು. ಮುಂದೆ ಎಲ್ಲವನ್ನೂ ನೋಡಿಕೊಳ್ಳಬೇಕಿದ್ದ ಆ ಒಬ್ಬಳೇ ಮಗಳು 1921ರಲ್ಲಿ ತೀರಿಕೊಂಡರು. ಕಿವಿ ಸರಿಯಾಗಿ ಕೇಳದ ತಾಯಿ ಮರಾಠಿ ಬೈಬಲ್ ಅನುವಾದದ ಕೆಲಸ ಬಿಡಲಿಲ್ಲ. ಅಚ್ಚು ಹಾಕಿದ್ದೂ ಮುಕ್ತಿಯ ಹೆಣ್ಣುಮಕ್ಕಳೇ. 1922ರ ಏಪ್ರಿಲ್ 5ರಂದು ಅವರೂ ಕರ್ತನ ಬಳಿಗೆ ಹೋದರು.

ಮುಕ್ತಿ ಮಿಷನ್ ಇವತ್ತಿಗೂ ನಡೀತಿದೆ. ಆಫೀಸ್ ಕೆಲಸಕ್ಕೆ ಪುಣೆಗೆ ಹೋಗೋರು ದೌಂಡ್ ಕಡೆ ರೈಲು ಹತ್ತಿ, ಕೇಡಗಾಂವ್‌ನಲ್ಲಿ ಇಳಿದು ನೋಡ್ಕೊಂಡು ಬನ್ನಿ.